ಒಂದೇ ಅಚ್ಚಿನ ದೋಣಿಯಲ್ಲಿ ದಕ್ಷಿಣ ಅಟ್ಲಾಂಟಿಕ್ ದಾಟಿದ ಬಗೆ

ಕೇಪ್‌ಟೌನಿನಿಂದ ಮನೆಗೆ ಮರಳಿ ಮೂರು ವಾರಗಳಾದವು. ಅಂಗೈಯಲ್ಲಿ ಹಗ್ಗ ಉಜ್ಜಿ ಆದ ಗಾಯ ಒಣಗಿದೆ. ರಾತ್ರಿ ಎರಡು ಗಂಟೆಗೆ ಎಚ್ಚರವಾಗಿ ಕತ್ತಲಲ್ಲೇ ಬೂಟು ತಡಕಾಡುವುದು ಮಾತ್ರ ಇನ್ನೂ ನಿಂತಿಲ್ಲ. ಹೆಸರು ನೋಂದಾಯಿಸಿದ ದಿನದಿಂದ ಈವರೆಗೆ ಸುಮಾರು ಒಂದೂವರೆ ವರ್ಷ ಹಿಡಿದ ಈ ಪ್ರಕ್ರಿಯೆಯಲ್ಲಿ ನಾನು ಪದೇ ಪದೇ ಎಡವಿದ್ದು ಸಮುದ್ರದಲ್ಲಲ್ಲ, ದಡದಲ್ಲಿ. ಭಾರತದ ಪಾಸ್‌ಪೋರ್ಟ್ ಇಟ್ಟುಕೊಂಡು, ಇಂಗ್ಲೆಂಡಿನಲ್ಲಿ ಕೆಲಸ ಮಾಡುತ್ತಾ, ಸಸ್ಯಾಹಾರಿಯಾಗಿದ್ದುಕೊಂಡು ಸಾಗರದ ರೇಸಿಗೆ ಹೊರಡುವವರಿಗೆ ಏನೇನು ಬೇಕಾಗುತ್ತದೆಂದು ಹೇಳುವ ಒಂದು ಪುಟವೂ ಆಗ ನನಗೆ ಸಿಗಲಿಲ್ಲ. ಆದ್ದರಿಂದ ನೆನಪು ಹಸಿಯಾಗಿರುವಾಗಲೇ ಇದನ್ನು ಬರೆದಿಡುತ್ತಿದ್ದೇನೆ.

ನಾನು ಹೊನ್ನಾವರದವಳು. ಶರಾವತಿ ಸಮುದ್ರ ಸೇರುವ ಅಳಿವೆಯನ್ನು ನೋಡುತ್ತಾ ಬೆಳೆದರೂ, ಹಾಯಿಯ ಹಗ್ಗವನ್ನು ಮೊದಲ ಬಾರಿ ಕೈಯಲ್ಲಿ ಹಿಡಿದದ್ದು ನಲವತ್ತೊಂದನೆಯ ವಯಸ್ಸಿನಲ್ಲಿ. ನಾನು ಸೇರಿದ್ದು ಕ್ಲಿಪ್ಪರ್ ರೌಂಡ್ ದ ವರ್ಲ್ಡ್ ರೇಸ್ ಎಂಬ ಸ್ಪರ್ಧೆಯ 2023-24ರ ಆವೃತ್ತಿಗೆ. ಸುಮಾರು ಹನ್ನೊಂದು ತಿಂಗಳು ನಡೆಯುವ, ನಲವತ್ತು ಸಾವಿರ ನಾಟಿಕಲ್ ಮೈಲಿಯಷ್ಟು ದೂರದ ಈ ಭೂಪ್ರದಕ್ಷಿಣೆಯನ್ನು ಎಂಟು ಲೆಗ್‌ಗಳಾಗಿ ವಿಂಗಡಿಸಿದ್ದಾರೆ. ಇಡೀ ಸುತ್ತಿಗೆ ಹೋಗುವವರೂ ಇದ್ದಾರೆ, ಒಂದೋ ಎರಡೋ ಲೆಗ್‌ಗಳಿಗೆ ಸೇರುವವರೂ ಇದ್ದಾರೆ. ನಾನು ಆರಿಸಿಕೊಂಡದ್ದು ಎರಡನೆಯ ಲೆಗ್: ಉರುಗ್ವೆಯ ಪುಂಟಾ ಡೆಲ್ ಎಸ್ತೆಯಿಂದ ದಕ್ಷಿಣ ಆಫ್ರಿಕಾದ ಕೇಪ್‌ಟೌನ್‌ವರೆಗೆ, ಸುಮಾರು 3,500 ನಾಟಿಕಲ್ ಮೈಲಿ.

ಈ ಸ್ಪರ್ಧೆಯ ದೋಣಿಗಳ ಬಗ್ಗೆ ಮೊದಲೇ ಸ್ವಲ್ಪ ಹೇಳಬೇಕು, ಏಕೆಂದರೆ ಮುಂದಿನ ಎಲ್ಲವೂ ಅದರ ಮೇಲೆ ನಿಂತಿದೆ. ನಮ್ಮ ಆವೃತ್ತಿಯ ಹನ್ನೊಂದು ದೋಣಿಗಳೂ ಟೋನಿ ಕ್ಯಾಸ್ಟ್ರೋ ವಿನ್ಯಾಸ ಮಾಡಿದ ಕ್ಲಿಪ್ಪರ್ 70 ಎಂಬ ಒಂದೇ ಮಾದರಿಯವು. ಎಪ್ಪತ್ತು ಅಡಿ ಉದ್ದ, ಸುಮಾರು 95 ಅಡಿ ಎತ್ತರದ ಕೂವೆಮರ, ನೀರಿನೊಳಗೆ ಮೂರು ಮೀಟರ್ ಆಳಕ್ಕೆ ಇಳಿಯುವ, ಕೀಲ್ ಎಂಬ ತಳದ ಭಾರದ ರೆಕ್ಕೆ, ಎರಡು ಚುಕ್ಕಾಣಿ ಚಕ್ರಗಳು. ಹಾಯಿಗಳ ಸಂಖ್ಯೆಯೂ ಅಳತೆಯೂ ಎಲ್ಲ ದೋಣಿಗಳಲ್ಲಿ ಒಂದೇ. ಇಂಥ ದೋಣಿಗಳನ್ನು ಒನ್-ಡಿಸೈನ್, ಅಂದರೆ ಏಕವಿನ್ಯಾಸದವು ಎನ್ನುತ್ತಾರೆ. ಹಣವುಳ್ಳ ತಂಡ ಹಗುರವಾದ ದೋಣಿಯನ್ನೋ ಹೊಸ ಬಗೆಯ ಹಾಯಿಯನ್ನೋ ತಂದು ಮುಂದೆ ಹೋಗುವ ದಾರಿ ಇಲ್ಲಿಲ್ಲ. ವೃತ್ತಿಪರರ ವೋಲ್ವೋ ಓಷನ್ ರೇಸ್ ಕೂಡ 2014ರಲ್ಲಿ ಇದೇ ಪದ್ಧತಿಗೆ ಬಂದು, ಎಲ್ಲ ತಂಡಗಳಿಗೂ ಒಂದೇ ಮಾದರಿಯ 65 ಅಡಿಯ ದೋಣಿಗಳನ್ನು ಕೊಟ್ಟಿತ್ತು. ಕ್ಲಿಪ್ಪರಿನಲ್ಲಿ 1996ರ ಮೊದಲ ಸ್ಪರ್ಧೆಯಿಂದಲೂ ಹೀಗೆಯೇ; ಆಗ 60 ಅಡಿಯ ದೋಣಿಗಳು, ಬಳಿಕ 68 ಅಡಿಯವು, 2013ರಿಂದ ಈಗಿನ 70 ಅಡಿಯವು. ಪ್ರತಿ ದೋಣಿಯಲ್ಲಿ ನಾಯಕತ್ವ ವಹಿಸುವ ಸ್ಕಿಪ್ಪರ್ ಮತ್ತು ಅವರಿಗೆ ನೆರವಾಗುವ ಮೇಟ್ ಇಬ್ಬರೇ ವೃತ್ತಿಪರರು. ಉಳಿದವರೆಲ್ಲ ನನ್ನಂತೆ ಹಣ ಕಟ್ಟಿ ಕಲಿತು ಬಂದವರು.

ಈ ವಿಷಯವನ್ನು ಊರಿಗೆ ಫೋನಿನಲ್ಲಿ ತಿಳಿಸಿದಾಗ, ಅರಣ್ಯ ಇಲಾಖೆಯ ಕಚೇರಿಯಲ್ಲಿ ಮೂವತ್ತು ವರ್ಷ ದುಡಿದು ನಿವೃತ್ತರಾದ ಅಪ್ಪ ಬಹಳ ಹೊತ್ತು ಸುಮ್ಮನಿದ್ದು, "ಆ ದೋಣಿ ಯಾವ ಮರದ್ದು ಕೂಸೇ?" ಎಂದು ಕೇಳಿದರು. ಮರದ್ದಲ್ಲ, ಗಾಜಿನ ನಾರಿನದು ಎಂದಾಗ ಅವರಿಗೆ ಸಮಾಧಾನವಾಗಲಿಲ್ಲ. ಆಗ ನಾನು ಈ ಸ್ಪರ್ಧೆಯನ್ನು ಹುಟ್ಟುಹಾಕಿದ ಸರ್ ರಾಬಿನ್ ನಾಕ್ಸ್-ಜಾನ್‌ಸ್ಟನ್ ಅವರ ಕಥೆ ಹೇಳಿದೆ. 1968ರ ಜೂನ್ 14ರಂದು ಇಂಗ್ಲೆಂಡಿನ ಫಾಲ್ಮತ್ ಬಂದರಿನಿಂದ ಒಬ್ಬರೇ ಹೊರಟು, ಎಲ್ಲಿಯೂ ನಿಲ್ಲದೆ ಭೂಮಿಯನ್ನು ಸುತ್ತಿ, 312 ದಿನಗಳ ನಂತರ 1969ರ ಏಪ್ರಿಲ್ 22ರಂದು ಅಲ್ಲಿಗೇ ಮರಳಿದ ಮೊದಲಿಗರು ಅವರು. ಅವರ 32 ಅಡಿಯ 'ಸುಹೈಲಿ' ದೋಣಿಯನ್ನು ಕಟ್ಟಿದ್ದು ಬೊಂಬಾಯಿಯಲ್ಲಿ, ತೇಗದ ಮರದಿಂದ. "ತೇಗವಾದರೆ ಸರಿ" ಎಂದ ಅಪ್ಪ, ನಾನು ಹೋಗುವುದು ಆ ದೋಣಿಯಲ್ಲಲ್ಲವೆಂದು ಗೊತ್ತಿದ್ದೂ ಅಂದಿನಿಂದ ವಿರೋಧಿಸಲಿಲ್ಲ.

ಹಾಯಿದೋಣಿಯ ಅನುಭವ ಇರಲೇಬೇಕೆಂಬ ನಿಯಮವಿಲ್ಲ. ಅರ್ಜಿ, ಸಂದರ್ಶನ, ವೈದ್ಯಕೀಯ ವಿವರ ಇವು ಮೊದಲ ಮೂರು ಮೆಟ್ಟಿಲುಗಳು. ವೈದ್ಯಕೀಯ ಪತ್ರದಲ್ಲಿ ಏನನ್ನೂ ಮುಚ್ಚಿಡಬೇಡಿ. ನನಗೆ ಥೈರಾಯ್ಡ್ ಮಾತ್ರೆ ಇದೆಯೆಂದು ಬರೆದದ್ದಕ್ಕೆ ನನ್ನ ವೈದ್ಯರಿಂದ ಇನ್ನೊಂದು ಪತ್ರ ತರಬೇಕಾಯಿತು, ಅದಕ್ಕೆ ನಾಲ್ಕು ವಾರ ಕಾಯಬೇಕಾಯಿತು. ಆದರೆ ದಡದಿಂದ ಸಾವಿರ ಮೈಲಿ ದೂರದಲ್ಲಿ ನನ್ನ ಮಾತ್ರೆಯ ಹೆಸರು ಸ್ಕಿಪ್ಪರಿಗೆ ತಿಳಿದಿರಬೇಕಲ್ಲವೆ? ಹಲ್ಲುಗಳನ್ನೂ ಹೊರಡುವ ಮುನ್ನವೇ ತೋರಿಸಿಕೊಳ್ಳಿ. ಸಮುದ್ರದ ನಡುವೆ ಹಲ್ಲುನೋವಿಗೆ ಮದ್ದಿಲ್ಲ.

ತರಬೇತಿ ನಾಲ್ಕು ಹಂತಗಳದು, ಒಟ್ಟು ನಾಲ್ಕು ವಾರಗಳ ಆಸುಪಾಸು. ನೆಲೆ ಇಂಗ್ಲೆಂಡಿನ ದಕ್ಷಿಣ ಕರಾವಳಿಯ ಗಾಸ್ಪೋರ್ಟ್. ಪೋರ್ಟ್ಸ್‌ಮತ್ ಹಾರ್ಬರ್ ರೈಲು ನಿಲ್ದಾಣದಲ್ಲಿ ಇಳಿದು ಎದುರಿನ ಫೆರಿ ಹತ್ತಿದರೆ ಐದು ನಿಮಿಷದೊಳಗೆ ಆಚೆ ದಡ. ಕೆಲಸದಲ್ಲಿರುವವರು ಈ ನಾಲ್ಕು ವಾರಗಳನ್ನು ಎರಡು ವರ್ಷಗಳ ರಜೆಗೆ ಹಂಚಿಕೊಂಡರೆ ಒಳ್ಳೆಯದು. ನಾನು ಒಂದೇ ವರ್ಷದಲ್ಲಿ ಮುಗಿಸಲು ಹೋಗಿ, ಕೊನೆಗೆ ಲೆಗ್ಗಿನ ದಿನಗಳಿಗೆ ಸಂಬಳವಿಲ್ಲದ ರಜೆ ತೆಗೆದುಕೊಳ್ಳಬೇಕಾಯಿತು.

ಮೊದಲ ಹಂತದಲ್ಲಿ ಕಲಿಸುವುದು ವಿಂಚ್ ಎಂಬ, ಹಗ್ಗ ಬಿಗಿದೆಳೆಯುವ ಉರುಳೆಗೆ ಹಗ್ಗ ಸುತ್ತುವುದು, ಗಂಟು ಹಾಕುವುದು, ಗಾಳಿ ಹೆಚ್ಚಿದಾಗ ಹಾಯಿಯ ವಿಸ್ತಾರ ಕುಗ್ಗಿಸುವುದು, ನೀರಿಗೆ ಬಿದ್ದವರನ್ನು ಮೇಲೆತ್ತುವುದು. ಬೆರಳನ್ನು ಹಗ್ಗಕ್ಕೂ ವಿಂಚಿಗೂ ನಡುವೆ ಎಂದೂ ಇಡಬಾರದೆಂಬುದನ್ನು ಆರು ದಿನಗಳಲ್ಲಿ ಅರವತ್ತು ಸಲ ಹೇಳಿರಬೇಕು. ಎರಡನೆಯ ಹಂತದಲ್ಲಿ ಹಗಲು ರಾತ್ರಿ ಇಂಗ್ಲಿಷ್ ಕಡಲ್ಗಾಲುವೆಯಲ್ಲೇ ಇದ್ದು ಪಾಳಿಯ ಬದುಕನ್ನು ರೂಢಿ ಮಾಡಿಸುತ್ತಾರೆ. ನನಗೆ ವಾಂತಿ ಶುರುವಾದದ್ದು ಇಲ್ಲಿ. ವೈಟ್ ದ್ವೀಪ ಹಿಂದೆ ಸರಿದು ಅಲೆ ಅಡ್ಡ ಬರತೊಡಗಿದ ಕೂಡಲೇ ಆರಂಭವಾದದ್ದು ಮೂವತ್ತಾರು ಗಂಟೆ ಬಿಡಲಿಲ್ಲ. ಬಂಕಿನಲ್ಲಿ ಮಲಗಿ, ಕಟ್ಟಿದ ಹಣವನ್ನೆಲ್ಲ ಬಿಟ್ಟು ಮನೆಗೆ ಹೋಗಿಬಿಡೋಣ ಎಂದು ನಿಜವಾಗಿಯೂ ನಿಶ್ಚಯಿಸಿದ್ದೆ. ತಂಡದಲ್ಲಿದ್ದ, ಸ್ಕಾಟ್ಲೆಂಡಿನ ನಿವೃತ್ತ ಶಾಲಾ ಶಿಕ್ಷಕಿಯೊಬ್ಬರು ನನ್ನನ್ನು ಎಬ್ಬಿಸಿ, ಕೈಹಿಡಿದು ಮೇಲೆ ಕರೆದೊಯ್ದು ಚುಕ್ಕಾಣಿ ಕೊಡಿಸಿದರು. ದಿಗಂತವನ್ನು ನೋಡುತ್ತಾ ದೋಣಿ ನಡೆಸುವವರಿಗೆ ಹೊಟ್ಟೆ ತೊಳಸುವುದು ಕಡಿಮೆ. ವಾಂತಿ ಬಂದ ಮೇಲೆ ನುಂಗಿದ ಮಾತ್ರೆ ಕೆಲಸ ಮಾಡುವುದಿಲ್ಲ; ವೈದ್ಯರನ್ನು ಕೇಳಿ, ಹೊರಡುವ ಹಿಂದಿನ ರಾತ್ರಿಯಿಂದಲೇ ಆರಂಭಿಸಬೇಕು. ನಾನು ಈ ಪಾಠ ಕಲಿತ ಮೇಲೆ ಅಟ್ಲಾಂಟಿಕ್ಕಿನಲ್ಲಿ ಒಂದೇ ದಿನ ನರಳಿದೆ.

ಇದೇ ಹಂತದಲ್ಲಿ ಸುರಕ್ಷತಾ ಪಟ್ಟಿಯ ಪಾಠವೂ ಆಯಿತು. ಲೈಫ್‌ಜಾಕೆಟ್ಟಿಗೆ ಜೋಡಿಸಿದ ಟೆದರ್ ಎಂಬ ಪಟ್ಟಿಯನ್ನು ಡೆಕ್ಕಿನ, ಅಂದರೆ ದೋಣಿಯ ಮೇಲ್ಗಡೆಯ ನೆಲದ, ಉದ್ದಕ್ಕೂ ಎಳೆದು ಕಟ್ಟಿರುವ ಜಾಕ್‌ಸ್ಟೇ ಎಂಬ ಸಾಲಿಗೆ ಸಿಕ್ಕಿಸಿಕೊಂಡೇ ಓಡಾಡಬೇಕು. 2017ರ ನವೆಂಬರಿನಲ್ಲಿ ಇದೇ ಮಾದರಿಯ ದೋಣಿಯೊಂದರಲ್ಲಿ, ಸಿಕ್ಕಿಸಿಕೊಂಡಿದ್ದವರೊಬ್ಬರು ನೀರಿಗೆ ಬಿದ್ದಾಗ ಟೆದರಿನ ಹುಕ್ಕು ಡೆಕ್ಕಿನ ಮೇಲೆ ಹಗ್ಗ ಕಟ್ಟುವ ಕ್ಲೀಟ್ ಎಂಬ ಗೂಟದಡಿ ಸಿಕ್ಕಿ, ಅಡ್ಡ ಸೆಳೆತಕ್ಕೆ ಬಾಗಿ ಬಿಚ್ಚಿಕೊಂಡಿತ್ತು, ಅವರು ಬದುಕಲಿಲ್ಲ. ಹುಕ್ಕು ನೇರವಾಗಿ ಎಳೆಯುವಂತಿದೆಯೇ, ಯಾವುದಾದರೂ ಲೋಹದಡಿ ಸಿಕ್ಕಿಬೀಳುವಂತಿದೆಯೇ ಎಂದು ಪ್ರತಿ ಬಾರಿಯೂ ನೋಡಿಕೊಳ್ಳಿ. ಈ ಒಂದು ಸಾಲಿಗಾಗಿಯಾದರೂ ಈ ಬರಹವನ್ನು ನೆನಪಿಡಬೇಕೆಂದು ಕೇಳಿಕೊಳ್ಳುತ್ತೇನೆ.

ಮೂರನೆಯ ಹಂತ ಸ್ಪಿನಕರ್‌ನದು. ಗಾಳಿ ಹಿಂದಿನಿಂದ ಬರುವಾಗ ಮುಂದೆ ಉಬ್ಬಿ ನಿಲ್ಲುವ, ತೆಳು ನೈಲಾನಿನ ಈ ಬೃಹತ್ ಹಾಯಿಯನ್ನು ಏರಿಸುವುದು ಕೆಲವು ನಿಮಿಷಗಳ ಕೆಲಸ; ಅದಕ್ಕೆ ಮೊದಲು ಅದನ್ನು ಸಿದ್ಧಪಡಿಸುವುದು ಗಂಟೆಯ ಕೆಲಸ. ದೋಣಿಯ ಒಳಗೆ ನೆಲದುದ್ದಕ್ಕೂ ಹಾಸಿ, ಎರಡೂ ಅಂಚುಗಳು ತಿರುಚಿಕೊಂಡಿಲ್ಲವೆಂದು ಕೈಯಿಂದ ಸವರಿ ನೋಡಿ, ಹಗ್ಗದಂತೆ ಸುತ್ತಿ, ಅಲ್ಲಲ್ಲಿ ಉಣ್ಣೆಯ ನೂಲಿನಿಂದ ಕಟ್ಟಬೇಕು. ಮೇಲೇರಿದ ನಂತರ ಹಗ್ಗ ಎಳೆದಾಗ ನೂಲು ಪಟಪಟನೆ ಹರಿದು ಹಾಯಿ ಒಮ್ಮೆಗೇ ಬಿಚ್ಚಿಕೊಳ್ಳುತ್ತದೆ. ನೂಲನ್ನು ತೀರಾ ಹತ್ತಿರ ಕಟ್ಟಿದರೆ ಬಿಚ್ಚುವುದಿಲ್ಲ, ತೀರಾ ದೂರ ಕಟ್ಟಿದರೆ ಮೇಲೇರುವ ಮೊದಲೇ ಗಾಳಿ ತುಂಬುತ್ತದೆ. ದೋಣಿಗಳೆಲ್ಲ ಒಂದೇ ಆದಾಗ ಸ್ಪರ್ಧೆ ನಡೆಯುವುದು ಇಂಥ ನೂಲಿನ ಗಂಟುಗಳಲ್ಲಿ ಎಂಬುದು ನನಗೆ ಅರ್ಥವಾದದ್ದು ಆಗ. ಪಕ್ಕದ ದೋಣಿ ನಮಗಿಂತ ವೇಗವಾಗಿ ಹೋದರೆ ಅದಕ್ಕೆ ಕಾರಣ ದೋಣಿಯಲ್ಲ, ಅದರಲ್ಲಿರುವವರ ಕೈ.

ನಾಲ್ಕನೆಯ ಹಂತವನ್ನು ನಮ್ಮದೇ ಸ್ಕಿಪ್ಪರ್ ಮತ್ತು ತಂಡದೊಂದಿಗೆ ಮುಗಿಸಿದೆ. ಅದರ ಬಗ್ಗೆ ಹೆಚ್ಚು ಹೇಳಬೇಕಾದ್ದಿಲ್ಲ.

ಹೇಳಬೇಕಾದ್ದು ಕಾಗದಪತ್ರಗಳ ಬಗ್ಗೆ. ಬ್ರಿಟನ್ ಪಾಸ್‌ಪೋರ್ಟಿನವರಿಗೆ ಹೆಚ್ಚಿನ ಬಂದರುಗಳಲ್ಲಿ ಚಿಂತೆಯಿಲ್ಲ. ನಮಗೆ ಪ್ರತಿ ಬಂದರೂ ಒಂದು ಹೊಸ ಅರ್ಜಿ. ದಕ್ಷಿಣ ಆಫ್ರಿಕಾಕ್ಕೆ ನಮ್ಮ ಪಾಸ್‌ಪೋರ್ಟಿನವರು ಮೊದಲೇ ವೀಸಾ ಪಡೆಯಬೇಕು. ಅರ್ಜಿಯೊಡನೆ ಹೋಗುವ ಮತ್ತು ಬರುವ ವಿಮಾನದ ವಿವರ ಕೊಡಬೇಕಿತ್ತು. ನನಗಿದ್ದುದು ಬರುವ ಟಿಕೆಟ್ ಮಾತ್ರ. ಹೋಗುವುದು ದೋಣಿಯಲ್ಲಿ, ತಲುಪುವ ದಿನ ಗಾಳಿಯನ್ನು ಅವಲಂಬಿಸಿದ್ದು ಎಂಬುದನ್ನು ವಿವರಿಸುವ ಸಂಘಟಕರ ಪತ್ರವನ್ನು ಮೊದಲ ಸಲ ನಾನು ಲಗತ್ತಿಸಿರಲಿಲ್ಲ. ತಪ್ಪು ನನ್ನದೇ. ಎರಡನೆಯ ಸಲ ಪತ್ರ, ತಂಡದ ಪಟ್ಟಿಯಲ್ಲಿ ನನ್ನ ಹೆಸರು, ಬ್ಯಾಂಕಿನ ವಿವರ, ಹೋಟೆಲಿನ ಕಾಯ್ದಿರಿಸುವಿಕೆ, ಮರಳುವ ಟಿಕೆಟ್ ಎಲ್ಲವನ್ನೂ ಇಟ್ಟು, ಯಾವ ಕಾಗದ ಏನನ್ನು ಸಾಬೀತುಪಡಿಸುತ್ತದೆಂದು ಒಂದು ಪುಟದಲ್ಲಿ ಬರೆದು ಕೊಟ್ಟೆ. ಪಾಸ್‌ಪೋರ್ಟ್ ಕೈಗೆ ಬಂದದ್ದು ಉರುಗ್ವೆಗೆ ವಿಮಾನ ಹತ್ತಲು ಒಂಬತ್ತು ದಿನಗಳಿರುವಾಗ. ಅದಕ್ಕಾಗಿ ಕಾದ ಐದು ವಾರಗಳಲ್ಲಿ ನಾನು ಪಟ್ಟ ಆತಂಕ ದಕ್ಷಿಣ ಅಟ್ಲಾಂಟಿಕ್ಕಿನ ಯಾವ ರಾತ್ರಿಯಲ್ಲೂ ಪಡಲಿಲ್ಲ. ವೀಸಾದ ಅವಧಿಯನ್ನು ನಿರೀಕ್ಷಿತ ದಿನಕ್ಕಿಂತ ಕನಿಷ್ಠ ಹತ್ತು ದಿನ ಮುಂದಕ್ಕೆ ಕೇಳಿ. ಪಾಸ್‌ಪೋರ್ಟಿನಲ್ಲಿ ಖಾಲಿ ಪುಟಗಳಿರಲಿ.

ಇಂಗ್ಲೆಂಡಿನಲ್ಲಿ ಕೆಲಸದ ವೀಸಾದ ಮೇಲಿರುವ ಕನ್ನಡಿಗರು ಇನ್ನೊಂದು ಲೆಕ್ಕವನ್ನು ಮರೆಯಬಾರದು. ಶಾಶ್ವತ ನೆಲೆಯ ಅರ್ಜಿಗೆ ಯಾವುದೇ ಹನ್ನೆರಡು ತಿಂಗಳಲ್ಲಿ 180 ದಿನಗಳಿಗಿಂತ ಹೆಚ್ಚು ದೇಶದ ಹೊರಗಿರಬಾರದೆಂಬ ನಿಯಮವಿದೆ. ಇಡೀ ಸುತ್ತಿಗೆ ಹೋಗುವ ಆಸೆಯಿದ್ದರೆ ಶಾಶ್ವತ ನೆಲೆ ಸಿಕ್ಕ ಮೇಲೆಯೇ ಹೋಗಿ. ಪೌರತ್ವಕ್ಕೂ ಹೊರಗಿದ್ದ ದಿನಗಳ ಮಿತಿ ಇದೆ, ಅದನ್ನೂ ಮೊದಲೇ ಎಣಿಸಿ. ಸಾಮಾನ್ಯ ಪ್ರವಾಸಿ ವಿಮೆ ಸಾಗರದ ರೇಸಿಗೆ ಅನ್ವಯಿಸುವುದು ಅಪರೂಪ, ಆದ್ದರಿಂದ ಅದಕ್ಕೆಂದೇ ಇರುವ ವಿಮೆಯನ್ನು ಹುಡುಕಬೇಕು.

ಖರ್ಚನ್ನು ಮುಚ್ಚುಮರೆಯಿಲ್ಲದೆ ಹೇಳುತ್ತೇನೆ. ತರಬೇತಿ ಮತ್ತು ಒಂದು ಲೆಗ್ ಸೇರಿ ನಾನು ಕಂತುಗಳಲ್ಲಿ ಕಟ್ಟಿದ್ದು ಹತ್ತು ಸಾವಿರ ಪೌಂಡ್ ದಾಟಿತು. ಅದರಾಚೆಗೆ ಬೂಟು, ಉಣ್ಣೆಯ ಒಳ ಉಡುಪು, ಚಳಿ ತಡೆಯುವ ಸ್ಲೀಪಿಂಗ್ ಬ್ಯಾಗು, ಕೆಂಪು ಬೆಳಕಿನ ತಲೆದೀಪ ಇವಕ್ಕೆ ಸಾವಿರದಷ್ಟು. ವಿಮಾನ, ಹೋಟೆಲು, ವಿಮೆ, ವೀಸಾಗಳಿಗೆ ಎರಡು ಸಾವಿರದ ಮೇಲೆ. ಮಳೆ ಗಾಳಿಗೆ ಹಾಕುವ ಮೇಲುಡುಪನ್ನು ಸಂಘಟಕರೇ ಕೊಡುತ್ತಾರೆ. ಬೂಟಿನಲ್ಲಿ ಜಿಪುಣತನ ಮಾಡಬೇಡಿ. ಒದ್ದೆಯಾದ ಕಾಲು ಹದಿನೈದು ದಿನ ಒಣಗುವುದೇ ಇಲ್ಲ.

ಪುಂಟಾ ಡೆಲ್ ಎಸ್ತೆಯ ಬಂದರಿನಲ್ಲಿ ಕಡಲಸಿಂಹಗಳು ಮೀನುಗಾರರ ಕಟ್ಟೆಯ ಬಳಿ ಬಿದ್ದುಕೊಂಡಿರುತ್ತವೆ. ಮೊದಲ ಲೆಗ್ ಮುಗಿಸಿ ಬಂದಿದ್ದವರ ಕಣ್ಣುಗಳಲ್ಲಿ ದಣಿವು, ನಮ್ಮ ಕಣ್ಣುಗಳಲ್ಲಿ ಅಂಜಿಕೆ. ಹೊರಟ ಎರಡನೆಯ ರಾತ್ರಿಯೇ ಪಂಪೆರೋ ಬಂತು. ಅರ್ಜೆಂಟೀನಾದ ಬಯಲಿನಿಂದ ಒಮ್ಮೆಗೇ ನುಗ್ಗುವ ಈ ನೈಋತ್ಯದ ಗಾಳಿಗೆ ಮುಂಚೆ ದಿಗಂತದಲ್ಲಿ ಉರುಳೆಯಂಥ ಮೋಡವೊಂದು ಕಾಣಿಸಿತು; ನಮ್ಮ ಊರಿನಲ್ಲಿ ಜೂನ್ ಮೊದಲ ವಾರ ಸಮುದ್ರದ ಮೇಲೆ ಏಳುವ ಕಪ್ಪಿನ ನೆನಪಾಯಿತು.

ಅಲ್ಲಿಂದ ಕೇಪ್‌ಟೌನಿಗೆ ಹತ್ತಿರದ ದಾರಿ ದಕ್ಷಿಣಕ್ಕೆ ಬಾಗುತ್ತದೆ, 40 ಡಿಗ್ರಿ ಅಕ್ಷಾಂಶದ ಆಚೆಗೆ. ಉತ್ತರದಲ್ಲಿ ದೊಡ್ಡ ಅಧಿಕ ಒತ್ತಡದ ಪ್ರದೇಶ. ಅಲ್ಲಿ ಸಿಕ್ಕಿಕೊಂಡರೆ ಗಾಳಿಯೇ ಇಲ್ಲ. ದಕ್ಷಿಣಕ್ಕೆ ಹೋದಷ್ಟೂ ಗಾಳಿ ಹೆಚ್ಚು, ಚಳಿ ಹೆಚ್ಚು. ಹಗಲು ಆರು ಗಂಟೆಯ ಎರಡು ಪಾಳಿ, ರಾತ್ರಿ ನಾಲ್ಕು ಗಂಟೆಯ ಮೂರು ಪಾಳಿ. ಬಟ್ಟೆ ತೊಟ್ಟು ಕಳಚುವುದಕ್ಕೇ ಇಪ್ಪತ್ತು ನಿಮಿಷ ಬೇಕು. ದೋಣಿ ವಾಲಿಕೊಂಡೇ ಇರುವುದರಿಂದ ಒಂದು ಕೈ ಸದಾ ಆಸರೆಗೇ ಮೀಸಲು. ಹೀಗಾಗಿ ನಾಲ್ಕು ಗಂಟೆಯ ಬಿಡುವಿನಲ್ಲಿ ನಿದ್ರೆ ಮೂರು ಗಂಟೆ ಮಾತ್ರ.

ಅಡುಗೆಗೆ ದಿನಕ್ಕಿಬ್ಬರು. ಅದನ್ನು ಮದರ್ ವಾಚ್ ಎನ್ನುತ್ತಾರೆ. ಇಪ್ಪತ್ತು ಜನರಿಗೆ ಬೇಯಿಸಿ ಬಡಿಸಿ ತೊಳೆದವರಿಗೆ ಆ ರಾತ್ರಿ ಪೂರ್ತಿ ನಿದ್ರೆ ಸಿಗುತ್ತದೆ. ಸಸ್ಯಾಹಾರಿಯೆಂದು ಮೊದಲೇ ತಿಳಿಸಿದರೆ ವ್ಯವಸ್ಥೆ ಮಾಡುತ್ತಾರೆ, ಆದರೆ ಬೇಳೆ ಟೊಮೇಟೊಗಳ ಅದೇ ಸಾರು ಆರನೆಯ ದಿನಕ್ಕೆ ಬೇಸರವಾಗುತ್ತದೆ. ನಾನು ತೂಕದ ಮಿತಿಯೊಳಗೆ ಎರಡು ಕಿಲೋ ತೆಳು ಅವಲಕ್ಕಿ ಮತ್ತು ಚಟ್ನಿಪುಡಿ ಒಯ್ದಿದ್ದೆ. ನನ್ನ ಸರದಿಯ ದಿನ ಅಲೆ ಜೋರಾಗಿದ್ದು ಒಲೆ ಹಚ್ಚುವುದು ಅಪಾಯವಾದಾಗ, ಒಲೆಯಿಲ್ಲದೆ ಆಗುವ ಆ ತಿಂಡಿಯನ್ನು ಎಲ್ಲರೂ ಎರಡನೆಯ ಸಲ ಕೇಳಿ ತಿಂದರು. ಗಾಜಿನ ಬಾಟಲಿಯಲ್ಲಿ ಉಪ್ಪಿನಕಾಯಿ ಒಯ್ಯಬೇಡಿ.

ಒಂಬತ್ತನೆಯ ರಾತ್ರಿ ನಮ್ಮ ಸ್ಪಿನಕರ್ ಹರಿಯಿತು. ಗಾಳಿ ಏರುತ್ತಿದ್ದುದು ಎಲ್ಲರಿಗೂ ಗೊತ್ತಿತ್ತು. ಆರು ಗಂಟೆಗೊಮ್ಮೆ ಬರುವ ಸ್ಥಾನಗಳ ವರದಿಯಲ್ಲಿ ಮುಂದಿನ ದೋಣಿಗೂ ನಮಗೂ ಏಳೇ ಮೈಲಿ ಉಳಿದಿತ್ತಾದ್ದರಿಂದ ಇನ್ನರ್ಧ ಗಂಟೆ, ಇನ್ನರ್ಧ ಗಂಟೆ ಎನ್ನುತ್ತಾ ಇಳಿಸದೆ ಉಳಿಸಿಕೊಂಡೆವು. ಹಾಯಿ ಒಮ್ಮೆ ಸುರುಳಿಯಾಗಿ, ಮತ್ತೆ ಬಡಿದು ಬಿಚ್ಚಿಕೊಂಡಾಗ ತೋಪು ಸಿಡಿದಂಥ ಸದ್ದಾಯಿತು. ಅಂಚಿನಿಂದ ಅಂಚಿಗೆ ಹರಿದ ಅದನ್ನು ಹತ್ತು ಜನ ಒದ್ದೆ ಡೆಕ್ಕಿನ ಮೇಲೆ ಮಂಡಿಯೂರಿ ಒಳಗೆಳೆದುಕೊಂಡೆವು. ನನ್ನ ಅಂಗೈ ಸುಟ್ಟದ್ದು ಆಗಲೇ.

ಏಕವಿನ್ಯಾಸದ ಸ್ಪರ್ಧೆಯಲ್ಲಿ ಹರಿದ ಹಾಯಿಗೆ ಬದಲು ಹೊಸದನ್ನು ತರಿಸಿಕೊಳ್ಳುವುದೆಂದರೆ ಅಂಕ ಕಳೆದುಕೊಳ್ಳುವುದು. ಮಿತಿ ಮೀರಿದ ಹಾನಿಗೆ ದಂಡದ ಅಂಕಗಳಿವೆ. ಆದ್ದರಿಂದ ಪ್ರತಿ ದೋಣಿಯಲ್ಲೂ ಒಂದು ಹೊಲಿಗೆ ಯಂತ್ರವಿರುತ್ತದೆ. ಹೊಲಿಯಲು ಯಾರಿಗೆ ಬರುತ್ತದೆ ಎಂದು ಸ್ಕಿಪ್ಪರ್ ಕೇಳಿದಾಗ ನಾನು ಕೈಯೆತ್ತಿದೆ. ಅಮ್ಮ ಊರಿನ ಅರ್ಧ ಹೆಣ್ಣುಮಕ್ಕಳ ರವಿಕೆ ಹೊಲಿದವಳು. ಅವಳ ಯಂತ್ರದ ಪಕ್ಕದಲ್ಲಿ ಕೂತು ಬಟ್ಟೆ ಹಿಡಿದುಕೊಡುತ್ತಾ ಬೆಳೆದವಳು ನಾನು. ಮೊದಲು ಹರಿದ ಅಂಚುಗಳ ಉಪ್ಪನ್ನು ಒರೆಸಿ ಒಣಗಿಸಬೇಕು, ಇಲ್ಲದಿದ್ದರೆ ಅಂಟುಪಟ್ಟಿ ಹಿಡಿಯುವುದಿಲ್ಲ. ಎಲ್ಲವೂ ಒದ್ದೆಯಾಗಿರುವ ದೋಣಿಯಲ್ಲಿ ಒಂದು ಗೇಣು ಬಟ್ಟೆ ಒಣಗಿಸುವುದೇ ದೊಡ್ಡ ಕೆಲಸ. ನಂತರ ಎರಡೂ ಅಂಚುಗಳನ್ನು ಸುಕ್ಕಿಲ್ಲದಂತೆ ಜೋಡಿಸಿ ಪಟ್ಟಿ ಅಂಟಿಸಿ, ಅಂಕುಡೊಂಕು ಹೊಲಿಗೆ ಹಾಕಬೇಕು. ಒಬ್ಬರು ಯಂತ್ರವನ್ನು ಅಲುಗದಂತೆ ಅಪ್ಪಿ ಹಿಡಿಯುತ್ತಿದ್ದರು, ಇನ್ನೊಬ್ಬರು ಹಾಯಿಯನ್ನು ಮುಂದಕ್ಕೆ ಸರಿಸುತ್ತಿದ್ದರು. ಮೂರು ಹಗಲು ಹಿಡಿಯಿತು. ಆ ಮೂರು ದಿನ ನಾವು ಭಾರದ ಹಾಯಿಯಲ್ಲಿ ನಿಧಾನವಾಗಿ ಸಾಗಿದೆವು, ಏಳು ಮೈಲಿ ಎಪ್ಪತ್ತಾಯಿತು. ಆ ಅರ್ಧ ಗಂಟೆಗೆ ನಾವು ತೆತ್ತ ಬೆಲೆ ಅದು.

ಹದಿನೈದನೆಯ ದಿನ ಮತ್ತೆ ಅದನ್ನು ಏರಿಸಿದೆವು. ಉಣ್ಣೆಯ ನೂಲು ಒಂದೊಂದಾಗಿ ಹರಿದು, ಹೊಲಿಗೆಯ ಬಿಳಿ ಪಟ್ಟಿ ಬಿಸಿಲಿಗೆ ಹೊಳೆದು, ಹಾಯಿ ತುಂಬಿ ನಿಂತಾಗ ನನಗೆ ಅಳು ಬಂತು. ಎರಡು ದಿನಗಳ ನಂತರ ನಸುಕಿನಲ್ಲಿ ಕೇಪ್‌ಟೌನಿನ ಬೆಟ್ಟ ಟೇಬಲ್ ಮೌಂಟನ್ ಕಾಣಿಸಿತು. ಅದರ ನೆರಳಿನಲ್ಲಿ ಗಾಳಿ ಸತ್ತುಹೋಗುತ್ತದೆಂದು ಎಲ್ಲರೂ ಎಚ್ಚರಿಸಿದ್ದರು. ಹಾಗೆಯೇ ಆಯಿತು, ಕೊನೆಯ ಕೆಲವು ಮೈಲಿಗಳಿಗೆ ಐದು ಗಂಟೆ ಹಿಡಿಯಿತು.

ದಡ ಸೇರಿದೊಡನೆ ಮುಗಿಯಿತೆಂದು ಭಾವಿಸಿ ಮರುದಿನದ ವಿಮಾನಕ್ಕೆ ಟಿಕೆಟ್ ಮಾಡಿಸಬೇಡಿ. ವಲಸೆ ಅಧಿಕಾರಿಗಳ ತಪಾಸಣೆ ಅರ್ಧ ದಿನ. ಆಮೇಲೆ ದೋಣಿಯ ತಳದ ಹಲಗೆಗಳನ್ನೆಲ್ಲ ಎತ್ತಿ ತೊಳೆಯುವುದು, ಹಾಯಿಗಳನ್ನು ಹುಲ್ಲಿನ ಮೇಲೆ ಹರಡಿ ಪರೀಕ್ಷಿಸುವುದು, ಆಹಾರದ ಲೆಕ್ಕ, ಇವಕ್ಕೆ ಇನ್ನೆರಡು ಮೂರು ದಿನ. ಮುಂದಿನ ಲೆಗ್ಗಿಗೆ ಆಸ್ಟ್ರೇಲಿಯಾದ ಫ್ರೀಮ್ಯಾಂಟಲ್‌ವರೆಗೆ ಹೋಗಲು ಬಂದಿದ್ದ ಯುವಕನೊಬ್ಬನಿಗೆ ನನ್ನ ಬಂಕನ್ನೂ, ಅದರ ಹಗ್ಗ ಎಲ್ಲಿ ಬಿಗಿಯುತ್ತದೆಂಬುದನ್ನೂ ತೋರಿಸಿದೆ. ಬಳಿಕ ಸ್ಪಿನಕರಿನ ಹೊಲಿಗೆಯನ್ನು ಬೆರಳಿನಿಂದ ಸವರಿಸಿ, ಮೇಲಿನಿಂದ ಮೂರನೆಯ ಪಟ್ಟಿಯಲ್ಲಿ ದಾರ ಸ್ವಲ್ಪ ಸಡಿಲವಾಗಿದೆ, ಮಡಿಸುವಾಗ ಪ್ರತಿ ಸಲವೂ ಅಲ್ಲಿ ನೋಡು ಎಂದೆ. ಅವನು ತನ್ನ ಚಿಕ್ಕ ಪುಸ್ತಕದಲ್ಲಿ ಅದನ್ನು ಬರೆದುಕೊಂಡ.